ಡಲ್ಸಿ ಹೆಣೆದ ಮರೆ

ಪೋರ್ಟ್ ಟ್ರೆವಿನ್ ಊರಿನಲ್ಲಿ ಡಲ್ಸಿ ಹೊಸ್ಕಿಂಗ್ ಎಂಬವಳ ಕೈಯಲ್ಲಿ ಬಟ್ಟೆ ಹೊಲಿಸಿಕೊಂಡ ಯಾರಿಗೂ ಗೂನು ಇರಲಿಲ್ಲ, ಯಾರ ಸೊಂಟವೂ ದಪ್ಪಗಿರಲಿಲ್ಲ, ಯಾವ ಮದುಮಗಳೂ ಮದುವೆಗೆ ಮುಂಚೆ ಬಸುರಾಗಿರಲಿಲ್ಲ. ಊರಿನವರು ಅಷ್ಟು ದಡ್ಡರೆಂದಲ್ಲ. ಎಲ್ಲರ ಮನೆಯ ಸಂಗತಿಯೂ ಎಲ್ಲರಿಗೂ ಗೊತ್ತಿತ್ತು. ಆದರೆ ಡಲ್ಸಿ ಹೊಲಿದ ಉಡುಪು ತೊಟ್ಟವರು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನಿಂತಾಗ, ಗೊತ್ತಿದ್ದದ್ದು ಕಣ್ಣಿಗೆ ಕಾಣುತ್ತಿರಲಿಲ್ಲ. ತೊಟ್ಟವರಿಗೆ ಅಷ್ಟಾದರೆ ಸಾಕಾಗಿತ್ತು.

ಡಲ್ಸಿಯ ಗಂಡ ಮೀನು ಹಿಡಿಯಲು ಕೊಲ್ಲಿಗೆ ಹೋದವನು ಹಿಂತಿರುಗಲಿಲ್ಲ. ಆಗ ಮಗ ಪರ್ಸಿ ಇನ್ನೂ ತೊಡೆಯೆತ್ತರದ ಹುಡುಗ. ಅಂದಿನಿಂದ ಡಲ್ಸಿ ಮುಂದಿನ ಕೋಣೆಯ ಕಿಟಕಿಯ ಬಳಿ ಹೊಲಿಗೆ ಯಂತ್ರ ತುಳಿಯುತ್ತ ಕುಳಿತವಳು, ಮಗನನ್ನು ಬೆಳೆಸಿ, ಮೆಕ್ಯಾನಿಕ್ ಕೆಲಸ ಕಲಿಸಿದಳು. ಸೂಜಿಯಷ್ಟೇ ನಯವಾಗಿ ಅವಳ ನಾಲಗೆಯೂ ಕೆಲಸ ಮಾಡುತ್ತಿತ್ತು. ಕಳೆದ ವರ್ಷದ ಸ್ಕರ್ಟು ಈ ವರ್ಷ ಹತ್ತುತ್ತಿಲ್ಲವೆಂದು ಯಾರಾದರೂ ತಂದರೆ, "ಈ ಬಟ್ಟೆ ಬಹಳ ಕೆಟ್ಟದ್ದು, ಪೆಟ್ಟಿಗೆಯಲ್ಲಿ ಇಟ್ಟಲ್ಲೇ ಕುಗ್ಗುತ್ತೆ" ಎಂದು ಬಟ್ಟೆಯನ್ನೇ ಬೈದು ಹೊಲಿಗೆ ಬಿಚ್ಚುತ್ತಿದ್ದಳು. ತಂದವರೂ ಅವಳ ಜೊತೆ ಸೇರಿ ಬಟ್ಟೆಯನ್ನು ಬೈಯುತ್ತಿದ್ದರು.

ಮಾತಿಗೆ ಹೊದಿಕೆ ಹೊದಿಸುವುದು ಡಲ್ಸಿಯೊಬ್ಬಳ ವಿದ್ಯೆಯೇನೂ ಆಗಿರಲಿಲ್ಲ. ಊರಿನವರೆಲ್ಲ ತಾಮ್ರದ ಗಣಿ ಅಗೆಯಲೆಂದು ಕಡಲಾಚೆಯ ಕಾರ್ನ್‌ವಾಲಿನಿಂದ ಬಂದವರ ಮೊಮ್ಮಕ್ಕಳು. ಗಣಿಯ ಸೂರು ಕುಸಿದು, ಅರ್ಧ ದಿನ ಮಣ್ಣಿನಡಿಯಲ್ಲಿ ಸಿಕ್ಕಿಬಿದ್ದು ಹೊರಬಂದ ಡಲ್ಸಿಯ ತಾತ ಹೆಂಡತಿಗೆ ಹೇಳಿದ್ದು, ಇವತ್ತು ಕೆಳಗಡೆ ಸ್ವಲ್ಪ ಧೂಳಿತ್ತು ಎಂದು ಮಾತ್ರ. ಗಣಿ ಮುಚ್ಚಿತು, ಜನ ಗೋಧಿ ಬೆಳೆದರು, ಮೀನು ಹಿಡಿದರು. ಆದರೆ ಮಾತು ಹಾಗೆಯೇ ಉಳಿಯಿತು. ಯುದ್ಧ ಬಂದು, ದೇಶದ ಉತ್ತರದ ತೀರದ ಮೇಲೆ ಜಪಾನಿನ ವಿಮಾನಗಳು ಬಾಂಬು ಸುರಿಸತೊಡಗಿದ ಮೇಲೆ, ಅಲ್ಲಿ ಮಕ್ಕಳಿದ್ದ ತಾಯಂದಿರು ಮಾಂಸದ ಅಂಗಡಿಯಲ್ಲಿ ಒಬ್ಬರಿಗೊಬ್ಬರು, "ಅಲ್ಲಿ ಸ್ವಲ್ಪ ಸೆಖೆಯಂತೆ" ಎಂದು ಹೇಳಿಕೊಳ್ಳುತ್ತಿದ್ದರು. ಕೇಳಿದವರು ತಲೆಯಾಡಿಸಿ, ಈ ವರ್ಷ ಸೆಖೆ ಹೆಚ್ಚೇ ಎನ್ನುತ್ತಿದ್ದರು. ಪರ್ಸಿ ಅಲ್ಲಿಯ ಒಂದು ವಿಮಾನ ನಿಲ್ದಾಣದಲ್ಲಿ ಬಯಲಿನಲ್ಲಿ ನಿಂತ ವಿಮಾನಗಳ ಹೊಟ್ಟೆಯಡಿ ಮಲಗಿ ರಿಪೇರಿ ಮಾಡುತ್ತಿದ್ದ. ಡಲ್ಸಿಯೂ ಸೆಖೆಯ ಮಾತನ್ನೇ ಆಡುತ್ತಿದ್ದಳು.

ಆ ಚಳಿಗಾಲದಲ್ಲಿ ಸೈನ್ಯಕ್ಕೆ ಮರೆಬಲೆ ಮಾಡಿಕೊಡುವ ಕೆಲಸ ಊರಿಗೆ ಬಂತು. ವಿಮಾನವನ್ನೋ ಲಾರಿಯನ್ನೋ ಮೇಲಿನಿಂದ ನೋಡುವವರ ಕಣ್ಣಿಗೆ ಬೀಳದಂತೆ ಮುಚ್ಚುವ ಬಲೆ ಅದು. ಮೀನುಗಾರ ಮುದುಕರು ದೋಣಿಯ ಕೊಟ್ಟಿಗೆಯಲ್ಲಿ ಕುಳಿತು ಬರಿಯ ಬಲೆ ಹೆಣೆದು ಕಳಿಸುತ್ತಿದ್ದರು. ಹೆಂಗಸರು ಚರ್ಚಿನ ಸಭಾಂಗಣದಲ್ಲಿ ಅದನ್ನು ತೊಲೆಯಿಂದ ಇಳಿಬಿಟ್ಟು, ಹಸಿರು ಕಂದು ಬಣ್ಣ ಹಾಕಿದ ಗೋಣಿಬಟ್ಟೆಯ ಪಟ್ಟಿಗಳನ್ನು ಕಣ್ಣು ಕಣ್ಣಿಗೂ ಪೋಣಿಸುತ್ತಿದ್ದರು. ಗೋಣಿಯ ನಾರು ಮೂಗಿಗೆ ಹೋಗಿ ಎಲ್ಲರಿಗೂ ಕೆಮ್ಮು. ಆದರೂ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ.

ಮಹಿಳಾ ಸಂಘದ ಅಧ್ಯಕ್ಷೆ ಮಿಸೆಸ್ ಟ್ರೆಂಬತ್ ಎಲ್ಲರ ಮೇಲ್ವಿಚಾರಣೆಗೆ ನಿಂತರು. ವರ್ಷವರ್ಷವೂ ನಡೆಯುವ ಕೃಷಿ ಪ್ರದರ್ಶನದ ಕಸೂತಿ ಸ್ಪರ್ಧೆಯಲ್ಲಿ ಮೊದಲ ಬಹುಮಾನದ ನೀಲಿ ರಿಬ್ಬನ್ ಅವರ ಮನೆಗಲ್ಲದೆ ಬೇರೆಡೆಗೆ ಹೋದದ್ದು ಅಪರೂಪ. ಆ ಸ್ಪರ್ಧೆಯ ತೀರ್ಪುಗಾರರು ಬಟ್ಟೆಯ ಮುಖ ನೋಡುತ್ತಿರಲಿಲ್ಲ, ಬೆನ್ನು ತಿರುಗಿಸಿ ಗಂಟು ಹುಡುಕುತ್ತಿದ್ದರು. ಅಂಥವರ ಕೈಯಲ್ಲಿ ಪಳಗಿದ ಹೆಂಗಸರು ಮರೆಬಲೆಯನ್ನು ಹೇಗೆ ಮಾಡಿಯಾರು? ಹಸಿರಿನ ಪಕ್ಕ ಕಂದು, ಕಂದಿನ ಪಕ್ಕ ಹಸಿರು, ಓರೆಯಾಗಿ ಒಂದೇ ಅಳತೆಯ ಸಾಲುಗಳು, ಪಟ್ಟಿಯ ತುದಿಗಳೆಲ್ಲ ಒಳಗೆ ಮಡಚಿ ಅಡಗಿದವು. ಎಲ್ಲ ಮುಗಿದ ಮೇಲೆ, ಅಂಚಿಲ್ಲದ ಬಟ್ಟೆ ಬಟ್ಟೆಯೇ ಅಲ್ಲವೆಂದು ಹೇಳಿ ಸುತ್ತಲೂ ದಟ್ಟ ಕಂದು ಪಟ್ಟಿಯ ಅಂಚು ಕಟ್ಟಿಸಿದವಳು ಡಲ್ಸಿಯೇ. ಬಲೆಯನ್ನು ನೆಲದಲ್ಲಿ ಹಾಸಿ ನೋಡಿದಾಗ, ತುಳಿಯಲು ಯಾರಿಗೂ ಮನಸ್ಸಾಗಲಿಲ್ಲ.

ಪರೀಕ್ಷೆ ಮಾಡಲು ಕ್ಯಾಪ್ಟನ್ ಲ್ಯಾಂಗ್‌ಡನ್ ಎಂಬವರು ಬಂದರು. ಯುದ್ಧಕ್ಕೆ ಮುಂಚೆ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಮೆದುಮಾತಿನ ಮನುಷ್ಯ. ಊರಾಚೆಯ ಗೋಧಿ ಹೊಲದ ಅಂಚಿನ ಕುರುಚಲು ಕಾಡಿನಲ್ಲಿ, ಮಹಿಳಾ ಸಂಘದ ಐವಿ ಪ್ಯಾಸ್ಕೋಳ ಗಂಡನ ಹಳೆಯ ಲಾರಿಯನ್ನು ನಿಲ್ಲಿಸಿ ಬಲೆ ಮುಚ್ಚಿದ್ದರು. ಕ್ಯಾಪ್ಟನ್ ಪುಟ್ಟ ವಿಮಾನದಲ್ಲಿ ಮೇಲೆ ಹೋಗಿ ಅದನ್ನು ಹುಡುಕಬೇಕು. ವಿಮಾನ ಹೋಯಿತು, ನೇರ ಲಾರಿಯ ಮೇಲೆಯೇ ಒಮ್ಮೆ ವಾಲಿತು, ಹಿಂದಕ್ಕೆ ಬಂತು. ಹೆಂಗಸರು ಇನ್ನೂ ಥರ್ಮಾಸಿನ ಮುಚ್ಚಳವನ್ನೇ ತೆಗೆದಿರಲಿಲ್ಲ.

ಮಾರನೆಯ ವಾರ ಕ್ಯಾಪ್ಟನ್ ಮೇಲಿನಿಂದ ತೆಗೆದ ಫೋಟೋ ತಂದು ಮೇಜಿನ ಮೇಲಿಟ್ಟರು. ಗೊಂದಲವಾಗಿ ಹರಡಿಕೊಂಡ ಕುರುಚಲಿನ ನಟ್ಟನಡುವೆ, ಗೆರೆ ಹೊಡೆದ ಹಾಗೆ ಚೌಕವಾದ ಅಂಚು. ಅದರೊಳಗೆ ಓರೆ ಸಾಲುಗಳು.

"ಇಷ್ಟು ಚೆನ್ನಾದ ಮೇಜುಬಟ್ಟೆ ನಾನು ಕಂಡಿಲ್ಲ," ಎಂದರು ಅವರು. "ನಮ್ಮಮ್ಮ ನೋಡಿದ್ರೆ ಕ್ರಿಸ್ಮಸ್ ಊಟಕ್ಕೆ ಹಾಸಿಬಿಡ್ತಿದ್ರು. ಆದ್ರೆ ಮೇಲಿಂದ ನೋಡೋರು ನಮ್ಮಮ್ಮ ಅಲ್ವಲ್ಲ."

ಯಾರೂ ನಗಲಿಲ್ಲ. ಕ್ಯಾಪ್ಟನ್ ನೋವಾಗದಂತೆಯೇ ಉಳಿದದ್ದನ್ನು ಹೇಳಿದರು. ಈ ಬಲೆಗಳನ್ನು ಇಲ್ಲೇ ದಕ್ಷಿಣದಲ್ಲಿ ತರಬೇತಿಗೆ ಬಳಸುತ್ತಾರೆ, ಉತ್ತರಕ್ಕೆ ಹೋಗುವುದಿಲ್ಲ. ವಸಂತದಲ್ಲಿ ಇನ್ನೊಮ್ಮೆ ಪರೀಕ್ಷೆ. ಆಗಲೂ ಹೀಗೇ ಆದರೆ, ಈ ಊರಿನವರು ಪಟ್ಟಿ ಕತ್ತರಿಸಿಕೊಟ್ಟರೆ ಸಾಕು, ಪೋಣಿಸುವ ಕೆಲಸ ನಗರದ ಸಭಾಂಗಣಗಳಿಗೆ ಹೋಗುತ್ತದೆ. ಉಳಿದವರಿಗೆ ಅವಮಾನವಾಯಿತು. ಡಲ್ಸಿಗೆ ಅವಮಾನಕ್ಕಿಂತ ಹೆಚ್ಚಿನದಾಯಿತು. ಅವಳು ಪೋಣಿಸಿದ ಪ್ರತಿ ಪಟ್ಟಿಯೂ ಅವಳ ಮನಸ್ಸಿನಲ್ಲಿ ಪರ್ಸಿಯ ಬೆನ್ನಿನ ಮೇಲೆ ಹೊದಿಸಿದ್ದಾಗಿತ್ತು. ಮಗನಿಗಾಗಿ ಅವಳ ಕೈಲಾಗುವ ಕೆಲಸ ಇಡೀ ಯುದ್ಧದಲ್ಲಿ ಇದೊಂದೇ ಇತ್ತು, ಅದು ಅವನತ್ತ ಹೋಗುವುದಿಲ್ಲವೆಂದು ಈಗ ತಿಳಿಯಿತು. ತಡೆದದ್ದು ಅವಳೇ ಕಟ್ಟಿಸಿದ ಅಂಚು.

ಕೆಲವು ದಿನ ಅವಳು ಕೋಪದಿಂದ ಯಂತ್ರ ತುಳಿದಳು. ಕೋಪ ಯಾರ ಮೇಲೆಂದು ಗೊತ್ತಿರಲಿಲ್ಲ. ಆ ವಾರವೇ ಮಿಸ್ ನ್ಯಾನ್‌ಕಾರೋ ಹೊಸ ಉಡುಪಿನ ಅಳತೆಗೆ ಬಂದರು. ಚರ್ಚಿನಲ್ಲಿ ಆರ್ಗನ್ ನುಡಿಸುವವರು. ಎಳವೆಯಿಂದ ಬೆನ್ನು ಒಂದು ಕಡೆಗೆ ಉಬ್ಬಿದವರು. ಆರ್ಗನ್ ನುಡಿಸುವವರ ಮುಖ ಯಾರಿಗೂ ಕಾಣದು, ಇಡೀ ಸಭೆ ಅವರ ಬೆನ್ನನ್ನೇ ನೋಡುತ್ತ ಹಾಡಬೇಕು. ಆ ಬೆನ್ನನ್ನು ಡಲ್ಸಿ ಎಷ್ಟೋ ವರ್ಷಗಳಿಂದ ಮಾಯ ಮಾಡುತ್ತ ಬಂದಿದ್ದಳು. ಈ ಸಲ ಮಿಸ್ ನ್ಯಾನ್‌ಕಾರೋ ಪತ್ರಿಕೆಯ ಹಾಳೆಯೊಂದನ್ನು ತೋರಿಸಿ, ಭುಜದ ಸುತ್ತ ಬಿಳಿಯ ಅಂಚು ಇರುವ ಮೇಲುಡುಪು ಬೇಕೆಂದು ಆಸೆಪಟ್ಟರು.

"ಬಿಳಿ ಬೇಗ ಕೊಳೆಯಾಗುತ್ತೆ ಕಣ್ರೀ, ನಿಮ್ಮಂಥ ಕೆಲಸ ಇರೋರಿಗೆ ಆಗಿಬರಲ್ಲ," ಎಂದು ಡಲ್ಸಿ ಅಭ್ಯಾಸಬಲದಿಂದ ಹೇಳಿದಳು. ಹೇಳುತ್ತಲೇ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ಹೊರತೆಗೆದಳು. ಬಿಳಿ ಅಂಚು ಬೇಡವೆಂದದ್ದು ಕೊಳೆಗೆ ಹೆದರಿಯೇ? ಆ ಅಂಚು ಉಬ್ಬಿನ ಮೇಲೆ ಹಾದರೆ ಉಬ್ಬು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸಿದ ಹಾಗಾಗುತ್ತದೆ. ಅವಳು ಆ ಬೆನ್ನನ್ನು ಎಂದೂ ಮುಚ್ಚಿರಲಿಲ್ಲ. ಒಂದು ಭುಜದಿಂದ ನೆರಿಗೆಗಳನ್ನು ಇಳಿಬಿಟ್ಟು, ನಡುವೆ ದಟ್ಟ ಮಾಡಿ, ಬದಿಗೆ ಹೋದಂತೆ ತೆಳುವಾಗಿಸಿ, ಎರಡು ನೆರಿಗೆ ಒಂದೇ ಸಮ ಬೀಳದ ಹಾಗೆ ನೋಡಿಕೊಂಡಿದ್ದಳು. ಕಣ್ಣಿಗೆ ಗೆರೆ ಸಿಗದಿದ್ದರೆ ಆಕಾರ ಸಿಗುವುದಿಲ್ಲ. ಇಷ್ಟು ವರ್ಷ ಕೈಗೆ ಗೊತ್ತಿದ್ದ ಸಂಗತಿ ಆ ಹೊತ್ತು ತಲೆಗೆ ಬಂತು. ಮಿಸ್ ನ್ಯಾನ್‌ಕಾರೋ ಅರ್ಧ ಅಳತೆ ಕೊಟ್ಟು ನಿಂತೇ ಇದ್ದರು. ಡಲ್ಸಿ ಅವರನ್ನು ಒಂದು ಸುತ್ತು ತಿರುಗಿಸಿ ನೋಡಿ, ಚಹಾ ಮಾಡಿಕೊಟ್ಟು, ತಾನು ಟೋಪಿ ಹಾಕಿಕೊಂಡು ಸಭಾಂಗಣಕ್ಕೆ ಹೊರಟಳು.

ಅಂಚು ಬಿಚ್ಚಬೇಕು, ಸಾಲು ಕೆಡಿಸಬೇಕು ಎಂದು ಅವಳು ಹೇಳಿದಾಗ ಸಭಾಂಗಣದಲ್ಲಿ ಕೆಮ್ಮು ಕೂಡ ನಿಂತಿತು. ನಡುವೆ ದಟ್ಟವಾಗಿ, ಬದಿಗೆ ಹೋದಂತೆ ಅಲ್ಲೊಂದು ಇಲ್ಲೊಂದು ಪಟ್ಟಿ ಪೋಣಿಸಿ, ಕೊನೆಯಲ್ಲಿ ಬರಿಯ ಬಲೆಯನ್ನೇ ಬಿಡಬೇಕು. ತುದಿಗಳು ಜೋತಾಡಲಿ. ಮಿಸೆಸ್ ಟ್ರೆಂಬತ್ ಕನ್ನಡಕ ತೆಗೆದು ಒರೆಸಿದರು.

"ಹರಕು ಕೆಲಸಕ್ಕೆ ನಮ್ಮ ಸಂಘದ ಹೆಸರು ಹಾಕೋಕೆ ನಾನು ಒಪ್ಪಲ್ಲ, ಡಲ್ಸಿ. ನೋಡಿದೋರು ಏನಂದ್ಕೋತಾರೆ?"

"ಯಾರೂ ನೋಡಬಾರದು ಅಂತಲೇ ಅಲ್ವಾ ಇದನ್ನ ಮಾಡ್ತಿರೋದು?" ಎಂದಳು ಹಿಂದಿನ ಸಾಲಿನಿಂದ ಐವಿ ಪ್ಯಾಸ್ಕೋ.

ಕೆಲವರು ನಕ್ಕರು. ಮಿಸೆಸ್ ಟ್ರೆಂಬತ್ ನಗಲಿಲ್ಲ. ಕೆಲಸವನ್ನು ಬೇಕೆಂದೇ ಕೆಡಿಸುವುದು ತಮ್ಮ ತಾಯಿ ಕಲಿಸಿದ ಪಾಠವಲ್ಲವೆಂದೂ, ಇನ್ನೂ ಸಣ್ಣ ಪಟ್ಟಿ ತೆಗೆದುಕೊಂಡು ಇನ್ನೂ ನಾಜೂಕಾಗಿ ಮಾಡಿದರೆ ಕ್ಯಾಪ್ಟನ್ ಒಪ್ಪಿಯಾರೆಂದೂ ಹೇಳಿದರು. ಡಲ್ಸಿ ತನ್ನ ಹಳೆಯ ಉಪಾಯಗಳನ್ನೆಲ್ಲ ತೆಗೆದಳು. ಗೋಣಿಬಟ್ಟೆಯ ಗುಣವೇ ಅಂಥದ್ದು ಎಂದಳು, ಬಣ್ಣ ಹಾಕುವವರ ತಪ್ಪು ಎಂದಳು, ಸಂಘದ ಕೈಚಳಕ ಈ ಒರಟು ಪದಾರ್ಥಕ್ಕೆ ಹೆಚ್ಚಾಯಿತು ಎಂದಳು. ನಯವಾದ ಮಾತಿನ ಮೇಲೆ ಮಿಸೆಸ್ ಟ್ರೆಂಬತ್ತರ ನಯವಾದ ಮಾತು ಬಂದು ಕೂರುತ್ತಿತ್ತು. ಹೀಗೆ ಸಂಜೆಯವರೆಗೂ ನಡೆಯಬಹುದಿತ್ತು. ಇಬ್ಬರೂ ಒಂದೇ ಊರಿನವರು.

ಕೊನೆಗೆ ಡಲ್ಸಿ ಕೈಯಲ್ಲಿದ್ದ ಪಟ್ಟಿಯನ್ನು ಕೆಳಗಿಟ್ಟಳು.

"ಪರ್ಸಿ ಇರೋ ಕಡೆ ಸೆಖೆ ಇಲ್ಲ, ಮಿಸೆಸ್ ಟ್ರೆಂಬತ್. ಬಾಂಬ್ ಬೀಳ್ತಿದೆ. ವಿಮಾನದ ಕೆಳಗೆ ಮಲಗಿರೋನು ನನ್ನ ಮಗ, ಅವನ ಮೇಲಿರೋದು ಒಂದು ಬಲೆ. ನಾನು ಕಟ್ಟಿಸಿದ ಆ ಅಂಚು ಅವನ ಮೇಲಿದ್ದಿದ್ರೆ ನಾನೇ ಅವನನ್ನ ತೋರಿಸಿಕೊಟ್ಟ ಹಾಗೆ ಆಗ್ತಿತ್ತು."

ಆ ಊರಿನಲ್ಲಿ ಅಂಥ ಮಾತನ್ನು ಹಗಲು ಹೊತ್ತಿನಲ್ಲಿ, ನಾಲ್ಕು ಜನರ ನಡುವೆ ಯಾರೂ ಆಡಿರಲಿಲ್ಲ. ಉತ್ತರದಲ್ಲಿ ಮಕ್ಕಳಿದ್ದ ಇಬ್ಬರು ತಾಯಂದಿರು ನೆಲ ನೋಡಿದರು. ಒಬ್ಬಳು ಮೆಲ್ಲನೆ, ತನ್ನ ಮಗನಿರುವ ಕಡೆಯೂ ಬೀಳುತ್ತಿದೆ ಎಂದಳು. ಎಂದೂ ಬಾಯಿಬಿಡದ ಅವಳು, ತನಗೆ ನಿದ್ದೆಯೇ ಇಲ್ಲವೆಂದೂ ಹೇಳಿದಳು.

ಮಿಸೆಸ್ ಟ್ರೆಂಬತ್ ಮತ್ತೆ ಕನ್ನಡಕ ಹಾಕಿಕೊಂಡರು. ಆಮೇಲೆ ತಮ್ಮ ಬಲೆಯ ಹತ್ತಿರ ಹೋಗಿ ಒಂದು ಪಟ್ಟಿ ಎಳೆದು ತೆಗೆದು, ಅದನ್ನು ಎರಡು ಕಣ್ಣು ಬಿಟ್ಟು ಸೊಟ್ಟಗೆ ಸಿಕ್ಕಿಸಿದರು.

"ಇವತ್ತು ನನ್ನ ಕಣ್ಣು ಅಷ್ಟು ಸರಿಯಿಲ್ಲ," ಎಂದರು. "ಸಾಲು ತಪ್ಪಿದ್ರೆ ಯಾರೂ ಏನೂ ಅನ್ಕೋಬೇಡಿ."

ಒಪ್ಪಿಗೆ ಸಿಕ್ಕಿತೆಂದು ಎಲ್ಲರಿಗೂ ಅರ್ಥವಾಯಿತು. ಆದರೆ ಕೈ ಒಪ್ಪಬೇಕಲ್ಲ. ಎಷ್ಟೋ ವರ್ಷ ನೇರ ಹೊಲಿಗೆ ಹಾಕಿದ ಬೆರಳುಗಳು, ಅವುಗಳ ಒಡತಿ ಪಕ್ಕಕ್ಕೆ ತಿರುಗಿ ಮಾತಾಡುವಷ್ಟರಲ್ಲಿ ಮತ್ತೆ ಹಸಿರು-ಕಂದು, ಹಸಿರು-ಕಂದು ಎಂದು ಸಾಲು ಕಟ್ಟಿಬಿಡುತ್ತಿದ್ದವು. ಡಲ್ಸಿ ಹೆಂಗಸರಿಗೆ ಎಡಗೈಯಲ್ಲಿ ಪೋಣಿಸಲು ಹೇಳಿದಳು. ಒಬ್ಬರು ಅರ್ಧ ಮಾಡಿದ್ದನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಜಾಗ ಬದಲಿಸಲು ಹೇಳಿದಳು. ಪದ ಹಾಡಿಕೊಂಡು ಮಾಡಿರೆಂದಳು. ಹಾಡಿನ ತಾಳಕ್ಕೆ ಸಾಲು ಇನ್ನಷ್ಟು ನೇರವಾಯಿತು, ಹಾಡು ನಿಲ್ಲಿಸಿದಳು. ಕೊನೆಗೆ ಅವಳಿಗೆ ಐವಿಯ ನೆನಪಾಯಿತು.

ಐವಿ ಪ್ಯಾಸ್ಕೋ ಒಳ್ಳೆಯ ಹೆಂಗಸು, ಮಾಂಸ, ಆಲೂಗಡ್ಡೆ ತುಂಬಿದ ಕಡುಬಿನಂಥ ಒಳ್ಳೆಯ ಪಾಸ್ಟಿ ಮಾಡುವವಳು, ಆದರೆ ಅವಳ ಹೊಲಿಗೆ ಮಾತ್ರ ಊರಿಗೆ ನಗೆಪಾಟಲು. ಒಮ್ಮೆ ಪ್ರದರ್ಶನಕ್ಕೆ ಅವಳು ಕಳಿಸಿದ ದಿಂಬಿನ ಚೀಲವನ್ನು ತೀರ್ಪುಗಾರರು ಯಾರೋ ಕೈ ಒರೆಸಿದ ಬಟ್ಟೆಯೆಂದು ಪಕ್ಕಕ್ಕಿಟ್ಟಿದ್ದರಂತೆ. ಅವಳಿಗೆ ಪಟ್ಟಿ ಕತ್ತರಿಸುವ ಕೆಲಸ ಬಿಟ್ಟು ಬೇರೇನನ್ನೂ ಕೊಟ್ಟಿರಲಿಲ್ಲ. ಡಲ್ಸಿ ಅವಳನ್ನು ಕರೆದು ದೊಡ್ಡ ಬಲೆಯ ಮುಂದೆ ನಿಲ್ಲಿಸಿ, ಮನಸ್ಸಿಗೆ ಬಂದಂತೆ ಪೋಣಿಸು ಎಂದಳು. ಐವಿ ಪೋಣಿಸಿದಳು. ಅಲ್ಲಿ ಗುಡ್ಡೆ, ಇಲ್ಲಿ ತೂತು, ಎಲ್ಲೋ ಒಂದು ಕಡೆ ಎರಡು ಪಟ್ಟಿ ಸೇರಿ ಗಂಟು. ಡಲ್ಸಿ ಹಿಂದೆ ಸರಿದು ನೋಡಿದಳು. ಉಳಿದವರ ಕೈಯಿಂದ ತಾನಾಗಿ ಮೂಡುತ್ತಿದ್ದ ಸಾಲು ಎಲ್ಲಿಯೂ ಇಲ್ಲ. ಗಾಳಿಗೆ ಸಿಕ್ಕ ಪೊದೆಯ ಹಾಗಿತ್ತು.

"ಇಷ್ಟು ವರ್ಷ ನನ್ನ ಹೊಲಿಗೆ ನೋಡಿ ನಕ್ಕೋರೆಲ್ಲ ಸಾಲಾಗಿ ಬನ್ನಿ," ಎಂದಳು ಐವಿ. "ಸಾಲು ಬೇಡ ಅಂದ್ಳಲ್ಲ ಡಲ್ಸಿ, ಗುಂಪಾಗಿ ಬನ್ನಿ."

ಆಮೇಲೆ ಪ್ರತಿ ಬಲೆಯ ಮೊದಲ ಪಟ್ಟಿಗಳನ್ನು ಐವಿ ಹಾಕುವುದು, ಉಳಿದವರು ಅವಳ ಗುಡ್ಡೆ-ತೂತುಗಳನ್ನು ಹಿಂಬಾಲಿಸುವುದು, ಅಂಚನ್ನು ಡಲ್ಸಿ ತೆಳುವಾಗಿಸುವುದು ಎಂದಾಯಿತು. ನೀಲಿ ರಿಬ್ಬನ್ನಿನ ಮಿಸೆಸ್ ಟ್ರೆಂಬತ್ ಐವಿಯ ಪಕ್ಕದಲ್ಲಿ ನಿಂತು, ಇಷ್ಟು ಸೊಟ್ಟ ಸಾಕೇ, ಇನ್ನೂ ಸ್ವಲ್ಪ ಬೇಕೇ ಎಂದು ಕೇಳುವುದನ್ನು ಕಾಣಲು ಬೇರೆ ಬೀದಿಯ ಹೆಂಗಸರೂ ಬಂದು ಸೇರಿಕೊಂಡರು.

ವಸಂತದಲ್ಲಿ ಕ್ಯಾಪ್ಟನ್ ಬಂದರು. ಅದೇ ಹೊಲದಂಚಿನ ಕುರುಚಲಿನಲ್ಲಿ, ಆದರೆ ಬೇರೆ ಜಾಗದಲ್ಲಿ, ಅದೇ ಹಳೆಯ ಲಾರಿ. ಬಲೆಯ ತುದಿಗಳನ್ನು ನೆಲಕ್ಕೆ ಬಿಗಿದು ಕಟ್ಟದೆ ಪೊದೆಗಳ ಮೇಲೆ ಸಡಿಲವಾಗಿ ಎಸೆದಿದ್ದರು. ಲಾರಿಯ ಚಕ್ರದ ಗುರುತು ನೆಟ್ಟಗೆ ಅಲ್ಲಿಗೇ ಹೋಗಿ ನಿಂತದ್ದನ್ನು ಕಂಡು ಐವಿಯೇ ಹಣೆ ಚಚ್ಚಿಕೊಂಡಳು. ಅವಳ ಗಂಡ ಇನ್ನೊಂದು ಗಾಡಿ ತಂದು ಅದೇ ಗುರುತಿನ ಮೇಲೆ ಓಡಿಸಿ, ಪೊದೆಯನ್ನು ದಾಟಿ, ಆಚೆಯ ಬೇಲಿಯ ಗೇಟಿನವರೆಗೂ ಹೋಗಿ ಬಂದ. ಇನ್ನು ಗುರುತು ಎಲ್ಲಿಯೂ ನಿಂತಂತೆ ಕಾಣುತ್ತಿರಲಿಲ್ಲ.

ಉಳಿದದ್ದು ಹೆಂಗಸರ ಕಣ್ಣು. ವಿಮಾನ ಬಂದಾಗ ಎಲ್ಲರೂ ಲಾರಿಯತ್ತ ನೋಡಿದರೆ ಕ್ಯಾಪ್ಟನ್ನರಿಗೆ ಬೇರೆ ಸುಳಿವೇ ಬೇಡ. ಡಲ್ಸಿ ಎಲ್ಲರನ್ನೂ ಹೊಲದ ಆಚೆ ಬದಿಯ ನೀರಿನ ತೊಟ್ಟಿಯ ಬಳಿ ಕೂರಿಸಿ, ಮಡಿಲಲ್ಲಿ ಉಲ್ಲನ್ ಕಾಲುಚೀಲದ ಹೆಣಿಗೆ ಕೊಟ್ಟು, ತಲೆ ಎತ್ತಿದವರಿಗೆ ಚಹಾ ಇಲ್ಲವೆಂದಳು. ಅವರು ಹೆಣೆದರು. ಪುಟ್ಟ ವಿಮಾನ ಮೇಲೆ ಹಾದುಹೋಯಿತು. ಸದ್ದು ದೂರವಾಯಿತು, ಹತ್ತಿರವಾಯಿತು. ಯಾರೋ ಹೆಣಿಗೆ ತಪ್ಪಿದರು, ಯಾರೂ ಬಿಚ್ಚಲಿಲ್ಲ. ಡಲ್ಸಿಯ ಬೆರಳುಗಳು ಓಡುತ್ತಿದ್ದವು, ಆದರೆ ಕಿವಿಯೆಲ್ಲ ಆ ಸದ್ದಿನ ಹಿಂದೆ ಇತ್ತು. ವಿಮಾನ ಕೆಳಗಿಳಿಯಿತು, ಎಷ್ಟು ಕೆಳಗೆಂದರೆ ತೊಟ್ಟಿಯ ನೀರು ನಡುಗಿತು. ಸಿಕ್ಕಿಬಿದ್ದೆವು ಎಂದುಕೊಂಡಳು ಅವಳು. ಆದರೆ ಅದು ವಾಲಲಿಲ್ಲ. ತೊಟ್ಟಿಯ ಸುತ್ತಲೇ ಸುತ್ತಿತು. ಇಷ್ಟು ಹೆಂಗಸರು ಇಲ್ಲಿ ಕೂತಿರುವಾಗ ಲಾರಿಯೂ ಇಲ್ಲೇ ಇರಬೇಕೆಂದು ಕ್ಯಾಪ್ಟನ್ ಎಣಿಸಿರಬೇಕು. ಇನ್ನೂ ಕೆಲವು ಸಲ ಹುಡುಕಿ, ಕೊನೆಗೆ ವಿಮಾನ ಹಿಂದಿನ ಹುಲ್ಲುಗಾವಲಿಗೆ ಹೋಗಿ ಇಳಿಯಿತು.

ಕ್ಯಾಪ್ಟನ್ ನಡೆದುಕೊಂಡು ಬಂದು ಟೋಪಿ ತೆಗೆದರು. ಲಾರಿಯನ್ನು ಮಾರಿಬಿಟ್ಟಿರೋ ಹೇಗೆ ಎಂದು ಕೇಳಿದರು. ಹೆಂಗಸರು ಅವರನ್ನು ನಡುವೆ ಬಿಟ್ಟುಕೊಂಡು ಹೊಲ ದಾಟಿಸಿದರು. ಇಲ್ಲೇ ಎಲ್ಲೋ ಇರಬೇಕು ಎನ್ನುತ್ತ ಅವರು ಮುಂದೆ ಮುಂದೆ ಹೋಗುತ್ತಿದ್ದಾಗ ಮೊಣಕೈ ಏನಕ್ಕೋ ತಗುಲಿ ಠಣ್ ಎಂದಿತು. ಎಲೆಯೆಂದುಕೊಂಡದ್ದನ್ನು ಸರಿಸಿದರೆ ಲಾರಿಯ ಬಾಗಿಲು. ಆ ಮೆದುಮಾತಿನ ಮನುಷ್ಯ ಲಾರಿಗೆ ಒರಗಿ ಗಟ್ಟಿಯಾಗಿ ನಕ್ಕರು. ಆಮೇಲೆ ಬಲೆಯ ಅಂಚನ್ನು ಹುಡುಕಲು ಹೊರಟರು, ಅದೆಲ್ಲಿ ಮುಗಿದು ಪೊದೆ ಎಲ್ಲಿ ಶುರುವಾಯಿತೆಂದು ಕೈಯಿಂದ ಸವರಿ ನೋಡಿದರು.

"ಇದನ್ನ ಯಾರು ಯೋಚಿಸಿದ್ದು?" ಎಂದು ಕೇಳಿದರು.

ಎಲ್ಲರೂ ಡಲ್ಸಿಯತ್ತ ನೋಡಿದರು. ಡಲ್ಸಿ ಐವಿಯತ್ತ ನೋಡಿದಳು. ಐವಿಗೆ ಮುಚ್ಚುಮರೆ ಬರುತ್ತಿರಲಿಲ್ಲ.

"ಯೋಚನೆ ಅವಳದು, ಹಾಳು ಮಾಡಿದ್ದು ನಾನು," ಎಂದಳು.

ಈ ಬಲೆಗಳು ಎಲ್ಲಿಗೆ ಹೋಗುತ್ತವೆ ಎಂದು ಡಲ್ಸಿ ನೇರವಾಗಿಯೇ ಕೇಳಿದಳು. ಜಾಗದ ಹೆಸರು ಹೇಳುವಂತಿಲ್ಲ ಎಂದರು ಕ್ಯಾಪ್ಟನ್. ಅವಳು ಅವರ ಮುಖವನ್ನೇ ನೋಡುತ್ತ ನಿಂತಳು. ಉತ್ತರಕ್ಕೆ ಎಂದರು ಅವರು, ಎಲ್ಲವೂ ಉತ್ತರಕ್ಕೆ, ಮುಂದಿನವೂ. ಡಲ್ಸಿ ಹೊಲದ ಬೇಲಿಯವರೆಗೂ ನೆಟ್ಟಗೆ ನಡೆದುಹೋಗಿ, ಅಲ್ಲಿ ಕಂಬ ಹಿಡಿದು ನಿಂತು, ಯಾರಿಗೂ ಮುಖ ಮರೆಮಾಡದೆ ಅತ್ತಳು. ಮಿಸೆಸ್ ಟ್ರೆಂಬತ್ ಹೋಗಿ ಪಕ್ಕದಲ್ಲಿ ನಿಂತರು. ಕಣ್ಣಿಗೆ ಧೂಳು ಬಿತ್ತೇ ಎಂದು ಅವರು ಕೇಳಲಿಲ್ಲ.

ಆ ಭಾನುವಾರ ಸಂಘದ ಹೆಂಗಸರೆಲ್ಲ ಕೈಗವಸಿಲ್ಲದೆ ಚರ್ಚಿಗೆ ಹೋದರು. ಗೋಣಿಯ ಬಣ್ಣ ಬೆರಳ ಸಂದಿಯಲ್ಲಿ, ಉಗುರಿನಡಿಯಲ್ಲಿ ಕೂತು ತೊಳೆದರೂ ಹೋಗದಂತಾಗಿತ್ತು. ಪಾದ್ರಿಗಳು ಮೆಟ್ಟಿಲ ಮೇಲೆ ಒಂದೊಂದೇ ಹಸಿರು ಕೈಯನ್ನು ಕುಲುಕಿದರು. ಮಿಸ್ ನ್ಯಾನ್‌ಕಾರೋ ಬೇಕೆಂದೇ ಎಲ್ಲರಿಗಿಂತ ಗಟ್ಟಿ ಧ್ವನಿ ಬೇಡುವ ಹಾಡನ್ನು ಆರಿಸಿ ನುಡಿಸಿದರು.

ಯುದ್ಧ ಮುಗಿಯಿತು. ಪರ್ಸಿ ಬಂದ, ಸಣಕಲಾಗಿ, ಹಳದಿಯಾಗಿ, ಆದರೆ ಎರಡು ಕಾಲಿನ ಮೇಲೆ ನಡೆದು ಬಂದ. ಅಂದು ಡಲ್ಸಿಯ ಅಡುಗೆಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಐವಿ ತಂದ ಪಾಸ್ಟಿಯನ್ನು ತಿನ್ನುತ್ತ ಅವನು ಉತ್ತರದ ಕಥೆಗಳನ್ನು ಹೇಳಿದ. ತಮ್ಮ ವಿಮಾನಗಳನ್ನು ಮುಚ್ಚಿದ್ದ ಬಲೆಗಳು ಹೇಗಿದ್ದವೆಂದರೆ, ತಮ್ಮ ಪೈಲಟ್ಟುಗಳೇ ಹಿಂತಿರುಗುವಾಗ ನಿಲ್ದಾಣ ಸಿಗದೆ ಮೇಲೆ ಸುತ್ತುತ್ತ ರೇಡಿಯೋದಲ್ಲಿ ಬೈಯುತ್ತಿದ್ದರಂತೆ. ಜಪಾನಿನವರು ಬಂದು, ಬರಿಯ ಕಾಡಿನ ಮೇಲೆ ಹಾದು, ಖಾಲಿ ಬಯಲಿಗೆ ಬಾಂಬು ಸುರಿದು ಹೋಗುತ್ತಿದ್ದರಂತೆ.

"ಆದ್ರೆ ಅಮ್ಮ, ಅದನ್ನ ಮಾಡಿದೋರು ಯಾರೋ ಗೊತ್ತಿಲ್ಲ," ಎಂದ ಅವನು, ಬಾಯಲ್ಲಿ ತುತ್ತಿಟ್ಟುಕೊಂಡೇ. "ಒಂದು ಸಾಲು ನೆಟ್ಟಗಿಲ್ಲ, ಅಂಚು ಅನ್ನೋದೇ ಇಲ್ಲ. ಜನ್ಮದಲ್ಲಿ ಸೂಜಿ ಹಿಡಿಯದೋರು ಮಾಡಿರಬೇಕು."

ಮಿಸೆಸ್ ಟ್ರೆಂಬತ್ ಚಹಾದ ಬಟ್ಟಲನ್ನು ಮೇಜಿನ ಮೇಲಿಟ್ಟು, ಎಲ್ಲರಿಗಿಂತ ಮೊದಲು ನಕ್ಕರು. ಪರ್ಸಿ ಏನೂ ತಿಳಿಯದೆ, ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹಾಯಿಸಿದ. ಐವಿ ಎದ್ದು ನಿಂತು, ಪ್ರದರ್ಶನದಲ್ಲಿ ಗೆದ್ದವರು ಬಾಗುವಂತೆ ಸೊಂಟ ಬಾಗಿಸಿದಳು. ಡಲ್ಸಿ ಮಗನ ತಟ್ಟೆಗೆ ಇನ್ನೊಂದು ಪಾಸ್ಟಿ ಹಾಕಿ, ಅದನ್ನು ಮಾಡಿದವರು ಯಾರೆಂದು ಮೊದಲಿನಿಂದ ಹೇಳತೊಡಗಿದಳು.